ತೊಡೆಯಲ್ಲಿ ಗಂಟಿನಂತಾಗಿರುವ ನೋವನ್ನು ಉಜ್ಜಿ ಕರಗಿಸಬಹುದೇ? ವ್ಯಾಯಾಮದ ನಂತರ ಯಾವ ಬಗೆಯ ಮಸಾಜ್ ಒಳ್ಳೆಯದು?

ನಿಮ್ಮ ಪ್ರಶ್ನೆಯ ಕೊನೆಯ ಎರಡು ಸಾಲು ಓದಿ, ಕೈಯಲ್ಲಿದ್ದ ಕೆಲಸ ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಸ್ಕ್ವಾಟ್, ಅಂದರೆ ಭಾರ ಹೊತ್ತು ಬಸ್ಕಿ, ಮಾಡಿದ ಮೇಲೆ ಎರಡೂ ಕಾಲು ಹಿಡಿದುಕೊಂಡಿರುವುದು ಒಂದು ಸಂಗತಿ. ಮೊನ್ನೆ ಬಾರ್ ಇಳಿಸುವಾಗ ಅದು ಬಲ ತೊಡೆಗೆ ಬಡಿದದ್ದು, ಅಲ್ಲಿ ಗಂಟಿನಂತಾಗಿರುವುದು, ಜಿಮ್‌ನ ಗೆಳೆಯ ಹೆಬ್ಬೆರಳಿನಿಂದ ಒತ್ತಿ ಅದನ್ನು ‘ಒಡೆದು’ ಕೊಡುತ್ತೇನೆ ಎನ್ನುತ್ತಿರುವುದು ಬೇರೆಯೇ ಸಂಗತಿ. ಬೇಡ. ಆ ಜಾಗಕ್ಕೆ ಯಾರ ಕೈಯೂ ಬೇಡ, ಉರುಳಿಸಿ ಒತ್ತುವ ರೋಲರ್ ಬೇಡ, ಪಟಪಟನೆ ತಟ್ಟುವ ಮಸಾಜ್ ಗನ್ ಬೇಡ, ಬಿಸಿನೀರಿನ ಚೀಲವೂ ಬೇಡ.

ಕಾಲೇಜಿನಲ್ಲಿದ್ದಾಗ ನಾನು ಕಬಡ್ಡಿ ಆಡುತ್ತಿದ್ದೆ. ಎಡ ಕಾರ್ನರ್ ನನ್ನ ಜಾಗ. ಮಂಡ್ಯ ಜಿಲ್ಲೆಯ ಊರೊಂದರಲ್ಲಿ ಹೊನಲು ಬೆಳಕಿನ ಪಂದ್ಯಾವಳಿ. ರೈಡರ್‌ನ ತೊಡೆ ಹಿಡಿಯಲು ನುಗ್ಗಿದಾಗ ಅವನು ತಿರುಗಿದ ರಭಸಕ್ಕೆ ಅವನ ಮಂಡಿ ನನ್ನ ಬಲ ತೊಡೆಯ ನಡುಭಾಗಕ್ಕೆ ಅಪ್ಪಳಿಸಿತು. ಕಾಲು ಮರಗಟ್ಟಿತು. ಆದರೂ ಪಂದ್ಯ ಮುಗಿಯುವವರೆಗೆ ಆಡಿದೆ, ಗೆದ್ದೆವು. ರಾತ್ರಿ ಕೋಣೆಗೆ ಬಂದಾಗ ತೊಡೆ ಊದಿಕೊಂಡಿತ್ತು. ತಂಡದ ಹಿರಿಯ ಆಟಗಾರರೊಬ್ಬರು ಎಳ್ಳೆಣ್ಣೆ ಬಿಸಿ ಮಾಡಿಸಿ, ಮೊಣಕೈ ಊರಿ, ಪ್ರೀತಿಯಿಂದಲೇ ತಿಕ್ಕಿದರು. ಮೇಲೆ ನೋವಿನ ಮುಲಾಮು, ಅದರ ಮೇಲೆ ಬಿಸಿನೀರಿನ ಶಾಖ. ಇನ್ನೂ ಜೋರಾಗಿ ಒತ್ತಣ್ಣ ಎಂದು ಹೇಳಿದವನು ನಾನೇ.

ಹಾಗೇಕೆ ಹೇಳಿದೆ ಎಂಬುದನ್ನು ಬಿಡಿಸಿ ಹೇಳಬೇಕು. ನೀವೂ ಅದೇ ದಾರಿಯಲ್ಲಿದ್ದೀರಿ ಎಂದು ನನಗೆ ಭಯವಾಗುತ್ತಿದೆ. ನಾನು ಚಿಕ್ಕಂದಿನಲ್ಲಿ ಗರಡಿ ಮನೆಗೆ ಹೋಗುತ್ತಿದ್ದೆ. ದಂಡ, ಬಸ್ಕಿ ಹೊಡೆದ ದಿನ ಸಂಜೆ ಹುಡುಗರೆಲ್ಲ ಒಬ್ಬರಿಗೊಬ್ಬರು ಎಣ್ಣೆ ಹಚ್ಚಿ ಮಾಲೀಸು ಮಾಡುತ್ತಿದ್ದೆವು. ಮರುದಿನ ಮೈ ಹಗುರ. ವರ್ಷಗಟ್ಟಲೆ ಹಾಗೇ ನಡೆದದ್ದರಿಂದ ನೋವು ಎಂದರೆ ಎಣ್ಣೆ, ಗಟ್ಟಿ ನೋವು ಎಂದರೆ ಗಟ್ಟಿ ಕೈ ಎಂಬ ಲೆಕ್ಕ ತಲೆಯಲ್ಲಿ ಕೂತುಬಿಟ್ಟಿತ್ತು. ಬಸ್ಕಿಯಿಂದ ಬಂದ ನೋವಿಗೂ ಪೆಟ್ಟಿನಿಂದ ಬಂದ ನೋವಿಗೂ ಒಂದೇ ಔಷಧ ಹಚ್ಚಿದೆ. ನನ್ನ ತಪ್ಪು ಅದು. ಎಣ್ಣೆಯದಲ್ಲ, ಆ ಹಿರಿಯರದೂ ಅಲ್ಲ.

ಬಸ್ಕಿಯಲ್ಲಿ ಕೆಳಗಿಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರವನ್ನು ತಡೆಯುತ್ತದೆ. ಆ ಎಳೆತದಲ್ಲಿ ಅದರ ನಾರುಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಹಾನಿಯಾಗುತ್ತದೆ. ನೋವು ತಡವಾಗಿ ಏರಿ, ಒಂದರಿಂದ ಮೂರು ದಿನಗಳ ನಡುವೆ ಹೆಚ್ಚಾಗಿ, ತಾನಾಗಿಯೇ ಇಳಿಯುತ್ತದೆ. ಎರಡೂ ಕಾಲಿಗೆ ಹೆಚ್ಚುಕಡಿಮೆ ಸಮನಾಗಿ, ಇಡೀ ಸ್ನಾಯುವಿಗೆ ಹರಡಿಕೊಂಡು ಬರುತ್ತದೆ. ಪೆಟ್ಟಿನದು ಹಾಗಲ್ಲ. ಹೊರಗಿನ ಮಂಡಿಗೂ ಒಳಗಿನ ತೊಡೆಮೂಳೆಗೂ ನಡುವೆ ಸಿಕ್ಕಿದ ಸ್ನಾಯು ನಜ್ಜುಗುಜ್ಜಾಗಿ, ಆಳದಲ್ಲಿ ರಕ್ತ ಸೋರಿ ನಿಲ್ಲುತ್ತದೆ. ನೀವು ಗಂಟು ಎನ್ನುತ್ತಿರುವುದು ಬಹುಪಾಲು ಆ ರಕ್ತವೇ. ದೇಹ ಅದನ್ನು ಹೆಪ್ಪುಗಟ್ಟಿಸಿ ಒಡೆದ ರಕ್ತನಾಳಗಳ ಬಾಯಿ ಮುಚ್ಚಲು ಹೆಣಗುತ್ತಿರುವಾಗ ನಾವು ಒತ್ತಿ ಮತ್ತೆ ತೆರೆಯುತ್ತೇವೆ. ಶಾಖ ಕೊಟ್ಟು ರಕ್ತನಾಳಗಳನ್ನು ಹಿಗ್ಗಿಸುತ್ತೇವೆ. ಸೋರಿಕೆ ಹೆಚ್ಚುತ್ತದೆ.

ನನ್ನನ್ನು ಮೋಸಗೊಳಿಸಿದ್ದು ತಕ್ಷಣ ಸಿಕ್ಕ ಹಿತ. ತಿಕ್ಕಿದ ಅರ್ಧ ಗಂಟೆ ನೋವು ಮರೆತುಹೋಗುತ್ತಿತ್ತು, ಆಮೇಲೆ ಇಮ್ಮಡಿಯಾಗಿ ಮರಳುತ್ತಿತ್ತು. ಮರಳಿದಾಗ ಮತ್ತೆ ತಿಕ್ಕಿಸಿಕೊಂಡೆ. ದಿನ ಕಳೆದಂತೆ ಊತ ಇಳಿಯಿತು, ಆದರೆ ಒಳಗೆ ಗಟ್ಟಿ ಉಂಡೆಯೊಂದು ಉಳಿಯಿತು. ಗಟ್ಟಿಯಾದಷ್ಟೂ ಇನ್ನಷ್ಟು ಜೋರಾಗಿ ಒತ್ತಬೇಕು ಎಂದುಕೊಂಡೆವು. ಮಂಡಿ ಪೂರ್ತಿ ಮಡಚಲು ಆಗದೆ, ಮೆಟ್ಟಿಲು ಇಳಿಯುವುದೇ ಕಷ್ಟವಾದಾಗ ಆಸ್ಪತ್ರೆಗೆ ಹೋದೆ. ಎಕ್ಸ್‌ರೇಯಲ್ಲಿ ತೊಡೆಮೂಳೆಯ ಪಕ್ಕ, ಸ್ನಾಯು ಇರಬೇಕಾದ ಕಡೆ, ಬೆಳ್ಳಗಿನ ಮೋಡದಂಥ ನೆರಳು. ಸ್ನಾಯುವಿನೊಳಗೆ ಮೂಳೆ ಕಟ್ಟತೊಡಗಿದೆ, ಮಯೋಸೈಟಿಸ್ ಆಸಿಫಿಕಾನ್ಸ್ ಎನ್ನುತ್ತಾರೆ ಎಂದರು ವೈದ್ಯರು. ತೀವ್ರ ಪೆಟ್ಟು ಬಿದ್ದವರಲ್ಲಿ ತಿಕ್ಕದಿದ್ದರೂ ಕೆಲವೊಮ್ಮೆ ಹೀಗಾಗುತ್ತದೆ, ಆದರೆ ಮೊದಲ ದಿನಗಳಲ್ಲಿ ತಿಕ್ಕಿ ಶಾಖ ಕೊಟ್ಟರೆ ಅಪಾಯ ಹೆಚ್ಚುತ್ತದೆ ಎಂದೂ ನೇರವಾಗಿ ಹೇಳಿದರು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ, ತಿಂಗಳುಗಳು ಉರುಳಿದ ಹಾಗೆ ಅದು ಬಹುಮಟ್ಟಿಗೆ ಕರಗಿತು. ಅಷ್ಟರಲ್ಲಿ ವಿಶ್ವವಿದ್ಯಾಲಯ ತಂಡದ ಆಯ್ಕೆ ಮುಗಿದಿತ್ತು. ಅದು ನನ್ನ ಕೊನೆಯ ವರ್ಷ.

ಆಮೇಲೆ ಗರಡಿಯ ಉಸ್ತಾದರನ್ನು ನೋಡಲು ಹೋಗಿದ್ದೆ. ಅವರು ಬಯ್ಯಲಿಲ್ಲ. ಕೈ ಹಾಕುವ ಮುಂಚೆ ಅಂಗೈಯ ಹಿಂಬದಿಯಿಂದ ಎರಡೂ ತೊಡೆ ಮುಟ್ಟಿ ನೋಡಬೇಕು ಕಣಪ್ಪಾ, ಒಂದು ಬಿಸಿಯಾಗಿದ್ದು ಇನ್ನೊಂದು ತಣ್ಣಗಿದ್ದರೆ ಕೈ ಹಿಂದಕ್ಕೆ ತೆಗೆಯಬೇಕು ಎಂದರು. ಅಷ್ಟು ವರ್ಷ ಅವರು ನಮ್ಮ ಮೈ ಮುಟ್ಟಿ ನೋಡುತ್ತಿದ್ದದ್ದು ಅದಕ್ಕೇ. ಎಣ್ಣೆ ಹಚ್ಚಲು ಶುರುಮಾಡುವ ರೀತಿ ಅದು ಎಂದಷ್ಟೇ ನಾನು ತಿಳಿದಿದ್ದೆ. ನಮ್ಮ ಹಳೆಯ ಪದ್ಧತಿಯನ್ನು ಹಳಿಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗಹೃದಯದಲ್ಲೇ ವ್ಯಾಯಾಮದ ನಂತರ ಮೈಯನ್ನು ಸುಖವಾಗುವ ಹಾಗೆ ಮರ್ದಿಸಬೇಕು ಎಂದಿದೆ. ಹಲ್ಲು ಕಚ್ಚಿ ತಡೆದುಕೊಳ್ಳುವ ಮಾಲೀಸು ಅಲ್ಲಿಯದಲ್ಲ.

ಈಗ ನೀವು ಕೇಳಿದ ಇನ್ನೊಂದು ಮಾತು: ಯಾವ ವಿಧಾನದಿಂದ, ದುಡಿದ ಸ್ನಾಯುವಿನಲ್ಲಿ ಉಂಟಾಗುವ ಲ್ಯಾಕ್ಟಿಕ್ ಆಮ್ಲ ಬೇಗ ಹೊರಹೋಗುತ್ತದೆ, ಮರುದಿನವೇ ಮತ್ತೆ ಸ್ಕ್ವಾಟ್ ಮಾಡಬಹುದು ಎಂದು. ಈ ಪ್ರಶ್ನೆಯೇ ಸರಿಯಿಲ್ಲ. ವ್ಯಾಯಾಮ ನಿಲ್ಲಿಸಿದ ಸುಮಾರು ಒಂದು ಗಂಟೆಯೊಳಗೆ ಲ್ಯಾಕ್ಟೇಟ್ (ದೇಹದಲ್ಲಿ ಆ ಆಮ್ಲ ಇರುವ ರೂಪ) ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ಮರುದಿನದ ನೋವಿಗೆ ಅದು ಕಾರಣವೇ ಅಲ್ಲ, ಹೊರಹಾಕಲು ಅಲ್ಲಿ ಏನೂ ಉಳಿದಿರುವುದಿಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 11 ಯುವಕರನ್ನು ಸುಸ್ತಾಗುವವರೆಗೆ ಸೈಕಲ್ ತುಳಿಸಿ, ಒಂದು ತೊಡೆಗೆ ಮಾತ್ರ 10 ನಿಮಿಷ ಮಸಾಜ್ ಮಾಡಿ, ಎರಡೂ ತೊಡೆಗಳ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. ಮಸಾಜ್ ಮಾಡಿದ ಕಾಲಿನಲ್ಲಿ ಉರಿಯೂತದ ಸೂಚನೆಗಳು ಕಡಿಮೆಯಾಗಿದ್ದವು, ಲ್ಯಾಕ್ಟೇಟ್‌ನಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. 2020ರಲ್ಲಿ 29 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಮರ್ಶೆಯ ಪ್ರಕಾರ, ಮಸಾಜ್‌ನಿಂದ ಓಟ, ಜಿಗಿತ, ಶಕ್ತಿ ಯಾವುದೂ ಸುಧಾರಿಸುವುದಿಲ್ಲ. ತಡವಾಗಿ ಬರುವ ನೋವು ಸ್ವಲ್ಪ ತಗ್ಗುತ್ತದೆ, ಮೈ ಸ್ವಲ್ಪ ಸಡಿಲವಾಗುತ್ತದೆ. ನೋವು ತಗ್ಗಿತು ಎಂದ ಮಾತ್ರಕ್ಕೆ ಸ್ನಾಯು ದುರಸ್ತಿಯಾಯಿತು ಎಂದಲ್ಲ. ನಾನು ಕಷ್ಟಪಟ್ಟು ಕಲಿತ ಪಾಠವೂ ಇದೇ ಆದ್ದರಿಂದ ಆ ಫಲಿತಾಂಶವನ್ನು ನಂಬಲು ನನಗೆ ಯಾವ ತೊಂದರೆಯೂ ಇಲ್ಲ.

ಆದರೂ ಮಾಲೀಸು ನನಗೆ ಇಷ್ಟ, ಈಗಲೂ ಮಾಡಿಕೊಳ್ಳುತ್ತೇನೆ. ಪೆಟ್ಟು ಬೀಳದ ಎಡಗಾಲಿಗೆ, ಎರಡೂ ಮೀನಖಂಡಗಳಿಗೆ ನೀವೂ ಮಾಡಿಕೊಳ್ಳಬಹುದು. ಮೊದಲು ಎಣ್ಣೆ ಸವರಿ, ಪಾದದ ಕಡೆಯಿಂದ ಮೇಲಕ್ಕೆ ಅಂಗೈ ಅಗಲಿಸಿ ನಿಧಾನವಾಗಿ ನೀವಬೇಕು. ಮೈ ಬೆಚ್ಚಗಾದ ಮೇಲೆ ಮಾಂಸಖಂಡವನ್ನು ಎರಡೂ ಕೈಯಲ್ಲಿ ಹಿಡಿದೆತ್ತಿ ಹಿಟ್ಟು ನಾದುವಂತೆ ನಾದಬೇಕು. ಕೊನೆಗೆ ಮತ್ತೆ ನೀವಿ ಬಿಡಬೇಕು. ಒಂದು ಕಾಲಿಗೆ ಹತ್ತು ನಿಮಿಷ ಸಾಕು. ಮುಷ್ಟಿಯಿಂದ ತಟ್ಟುವುದು, ಬೆರಳ ತುದಿಯಿಂದ ಒಂದೇ ಬಿಂದುವನ್ನು ಅಡ್ಡಡ್ಡ ಉಜ್ಜುವುದು ಈ ಹೊತ್ತಿನ ಕೆಲಸವಲ್ಲ. ನೀವು ಉಸಿರು ಬಿಗಿಹಿಡಿಯುತ್ತಿದ್ದೀರಿ ಎಂದರೆ ಒತ್ತಡ ಹೆಚ್ಚಾಯಿತು ಎಂದೇ ಅರ್ಥ. ಯಾವ ಎಣ್ಣೆ ಎಂಬ ಚರ್ಚೆಗೆ ನಾನು ಬರುವುದಿಲ್ಲ. ಎಳ್ಳೆಣ್ಣೆಯೋ ಕೊಬ್ಬರಿ ಎಣ್ಣೆಯೋ, ಕೈ ಜಾರಿದರೆ ಆಯಿತು. ಮಸಾಜ್ ಗನ್ ಇದ್ದರೆ ಮೂಳೆಯ ಮೇಲೆ ಇಡಬೇಡಿ, ಒಂದೇ ಕಡೆ ನಿಲ್ಲಿಸಬೇಡಿ. ಅಷ್ಟು ದುಡ್ಡು ಕೊಟ್ಟು ಕೊಳ್ಳುವ ವಸ್ತು ಅದಲ್ಲ ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಸಂಜೆ ಅರ್ಧ ಗಂಟೆ ಆರಾಮವಾಗಿ ನಡೆಯಿರಿ, ರಾತ್ರಿ ಚೆನ್ನಾಗಿ ನಿದ್ರೆ ಮಾಡಿ. ಸ್ಕ್ವಾಟ್‌ಗೆ ನಾಳೆಯೇ ಮರಳಬೇಕೆಂಬ ಹಟವನ್ನೂ ಬಿಡಿ.

ಬಲ ತೊಡೆಗೆ: ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಒಮ್ಮೆಗೆ ಹದಿನೈದಿಪ್ಪತ್ತು ನಿಮಿಷ ಇಡಿ, ನಡುವೆ ಬಿಡುವು ಕೊಡಿ. ಐಸ್ ಇಡುವಾಗ ನೋವಾಗದಷ್ಟು ಮಂಡಿ ಮಡಚಿಕೊಂಡಿರಿ, ಇದರಿಂದ ಸ್ನಾಯು ಬಿಗಿದು ಹೋಗುವುದು ತಪ್ಪುತ್ತದೆ. ಕ್ರೇಪ್ ಬ್ಯಾಂಡೇಜನ್ನು ಹಿತವಾಗಿ ಸುತ್ತಿ, ರಾತ್ರಿ ಬಿಚ್ಚಿ. ಮದ್ಯಪಾನ ಬೇಡ. ನೋವು ತರದ ಸಣ್ಣ ಚಲನೆ ಸಾಕು, ಎಳೆದು ಹಿಗ್ಗಿಸುವುದು ಬೇಡ. ಮಂಡಿಯನ್ನು 90 ಡಿಗ್ರಿಯಷ್ಟೂ ಮಡಚಲು ಆಗದಿದ್ದರೆ, ಅಥವಾ ಮೂರ್ನಾಲ್ಕು ದಿನವಾದರೂ ಗಂಟು ಮೆತ್ತಗಾಗದಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ಪೆಟ್ಟು ಬಿದ್ದ ಹೊಸದರಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು. ಉಂಡೆ ಗಟ್ಟಿಯಾಗುತ್ತಲೇ ಹೋದರೆ ಕೆಲವು ವಾರಗಳ ನಂತರ ಮತ್ತೊಮ್ಮೆ ತೆಗೆಸಿ ಎಂದು ನೀವಾಗಿಯೇ ಕೇಳಿ.

ಕೆಲವು ಲಕ್ಷಣಗಳಿಗೆ ಮಾತ್ರ ಕಾಯಲೇಬೇಡಿ. ತೊಡೆ ಕಲ್ಲಿನಂತೆ ಬಿಗಿದು ನೋವು ಗಂಟೆಗಂಟೆಗೂ ಏರುತ್ತಿದ್ದರೆ, ಪಾದ ಜೋಮು ಹಿಡಿದರೆ, ಒಂದೇ ಮೀನಖಂಡ ಊದಿ ಬಿಸಿಯಾಗಿ ಕೆಂಪಾದರೆ, ಅಥವಾ ಸ್ಕ್ವಾಟ್‌ನ ಮರುದಿನ ಮೂತ್ರ ಕೋಲಾದಂತೆ ಕಪ್ಪಾಗಿ ಬಂದರೆ ಎಣ್ಣೆ, ಐಸ್ ಎಲ್ಲವನ್ನೂ ಬದಿಗಿಟ್ಟು ಅದೇ ದಿನ, ರಾತ್ರಿಯಾದರೂ ಸರಿ, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.