ಮೂತ್ರದಲ್ಲಿ ಉರಿ ಮತ್ತು ರಕ್ತ, ಇಯೊಸಿನೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಜಾಸ್ತಿ. ಮೂರು ಸಲ ಯೂರಿನ್ ಕಲ್ಚರ್ ಮಾಡಿಸಿದರೂ ಯಾವ ರೋಗಾಣುವೂ ಬೆಳೆದಿಲ್ಲ, ಮೂರು ಕೋರ್ಸ್ ಆಂಟಿಬಯೋಟಿಕ್ ಮುಗಿಯಿತು. ಯಾವ ಆಂಟಿಬಯೋಟಿಕ್ ಒಳ್ಳೆಯದು?

ಯಾವುದೂ ಬೇಡ. ಮೂರು ಸಲ ಯೂರಿನ್ ಕಲ್ಚರ್ ಮಾಡಿಸಿದರೂ ಏನೂ ಬೆಳೆದಿಲ್ಲ ಅಂತ ನೀವೇ ಬರೆದಿದ್ದೀರಿ, ಮತ್ತೆ ನಾಲ್ಕನೇ ಕೋರ್ಸ್ ಯಾವ ರೋಗಾಣುವಿನ ಮೇಲೆ? ಮಾಮೂಲಿ ಕಲ್ಚರ್‌ನಲ್ಲಿ ಸಿಗದೆ ತಪ್ಪಿಸಿಕೊಳ್ಳುವುದು ಟಿಬಿ. ಅದಕ್ಕೆ ಮೂರು ದಿನ ಬೆಳಗಿನ ಮೊದಲ ಮೂತ್ರ ಕೊಟ್ಟು ಬೇರೆಯೇ ಪರೀಕ್ಷೆ ಮಾಡಿಸಿ.

ನನಗಿದ್ದದ್ದು ಇಯೊಸಿನೋಫಿಲಿಕ್ ಸಿಸ್ಟೈಟಿಸ್, ಅಂದರೆ ಈ ಕಣಗಳು ಮೂತ್ರಕೋಶದ ಗೋಡೆಗೆ ನುಗ್ಗಿ ಆಗುವ ಉರಿಯೂತ. ಅದರ ಹಿಂದಿದ್ದ ಮೂಲ ಹೈಪರ್‌ಇಯೊಸಿನೋಫಿಲಿಕ್ ಸಿಂಡ್ರೋಮ್ ಅನ್ನುವ ಅಪರೂಪದ ರಕ್ತದ ಕಾಯಿಲೆ. ಸಿಬಿಸಿ ರಿಪೋರ್ಟಿನ ಪರ್ಸೆಂಟ್ ನೋಡಿ ಸುಮ್ಮನಾಗಬೇಡಿ, ಗುಣಿಸಿ. ಒಟ್ಟು ಬಿಳಿ ಕಣ 14,000, ಇಯೊಸಿನೋಫಿಲ್ 30% ಅಂದರೆ 4,200. ಸುಮಾರು 500ರ ತನಕ ಸಹಜ. ಬೇರೆ ಬೇರೆ ದಿನ 1,500 ದಾಟಿದ್ದರೆ ಅದನ್ನು ‘ಅಲರ್ಜಿ ಬಿಡಿ’ ಅಂತ ತಳ್ಳಿಹಾಕುವಂತಿಲ್ಲ. ಹೆಮಟಾಲಜಿಸ್ಟ್ (ರಕ್ತದ ಕಾಯಿಲೆಯ ತಜ್ಞರು) ನೋಡಲೇಬೇಕು.

ನನ್ನನ್ನು ಕೆಡಿಸಿದ್ದು ಒಂದೇ ತಪ್ಪು: ಸಿಸ್ಟೋಸ್ಕೋಪಿಗೆ (ಕೊಳವೆ ಹಾಕಿ ಮೂತ್ರಕೋಶದ ಒಳಗೆ ನೋಡುವ ಪರೀಕ್ಷೆ) ಮುಂಚೆ ಮನೆಯಲ್ಲಿ ಉಳಿದಿದ್ದ ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಐದು ದಿನ ನುಂಗಿದ್ದು. ಉರಿ ಇಳಿಯಿತು, ಜೊತೆಗೆ ಸಾಕ್ಷಿಯೂ ಅಳಿಯಿತು. ಸ್ಟೀರಾಯ್ಡ್ ಬಿದ್ದರೆ ಇಯೊಸಿನೋಫಿಲ್‌ಗಳು ಸಾಯುತ್ತವೆ. ರಕ್ತದಲ್ಲಿ ಗಂಟೆಗಳಲ್ಲೇ ಇಳಿಯುತ್ತವೆ, ಮೂತ್ರಕೋಶದ ಗೋಡೆಯಲ್ಲೂ ವಿರಳವಾಗುತ್ತವೆ. ಬಯಾಪ್ಸಿಯಲ್ಲಿ (ಚೂರು ತೆಗೆದು ಮಾಡುವ ಪರೀಕ್ಷೆ) ಬಂದದ್ದು ಬರೀ ‘ನಿರ್ದಿಷ್ಟವಲ್ಲದ ಉರಿಯೂತ’. ಸಾಲದ್ದಕ್ಕೆ ತೆಗೆದದ್ದು ಮೇಲ್ಪದರದ ಚೂರು ಮಾತ್ರ. ಈ ಕಾಯಿಲೆ ಸ್ನಾಯುವಿನ ತನಕ ಇಳಿದಿರುತ್ತೆ. ವಾರಗಟ್ಟಲೆ ಕಾದು, ಮತ್ತೆ ಅನಸ್ತೇಶಿಯಾ, ಮತ್ತೆ ಕ್ಯಾತಿಟರ್. ಹಾಗಾಗಿ ಸ್ನಾಯು ಸೇರಿದ ತುಣುಕೇ ಬೇಕು ಅಂತ ಮೊದಲೇ ಕೇಳಿ. ಒಳಗೆ ಗಡ್ಡೆಯಂತೆ ಕಾಣಿಸಿದರೆ ಕ್ಯಾನ್ಸರ್ ಅಂತ ಕುಸಿಯಬೇಡಿ, ಇದೂ ಹಾಗೆಯೇ ಉಬ್ಬುತ್ತದೆ; ತೀರ್ಮಾನ ಬಯಾಪ್ಸಿಯದು. ಸ್ಟೀರಾಯ್ಡ್ ಈಗಾಗಲೇ ನಡೀತಿದ್ದರೆ ನೀವಾಗೇ ತಟ್ಟನೆ ನಿಲ್ಲಿಸಬೇಡಿ, ಯೂರಾಲಜಿಸ್ಟ್‌ಗೆ ತಿಳಿಸಿ.

ಇನ್ನೊಂದು. ಗದ್ದೆ, ತೋಟದಲ್ಲಿ ಬರಿಗಾಲಲ್ಲಿ ಓಡಾಡಿದವರ ಕರುಳಲ್ಲಿ ಸ್ಟ್ರಾಂಜಿಲಾಯ್ಡಿಸ್ ಹುಳ ವರ್ಷಗಟ್ಟಲೆ ಅಡಗಿರಬಹುದು. ಇಯೊಸಿನೋಫಿಲ್ ಏರಿಸುವುದೂ ಅದೇ, ಸ್ಟೀರಾಯ್ಡ್ ಸಿಕ್ಕರೆ ಮೈಯೆಲ್ಲ ಹರಡಿ ಜೀವ ತೆಗೆಯುವುದೂ ಅದೇ. ಒಂದು ಸಲದ ಮಲಪರೀಕ್ಷೆಯಲ್ಲಿ ಸಿಗದೇ ಹೋಗಬಹುದು, ರಕ್ತದ ಆಂಟಿಬಾಡಿ ಪರೀಕ್ಷೆ ಕೇಳಿ. ಅನುಮಾನವಿದ್ದರೆ ಡಾಕ್ಟರು ಸ್ಟೀರಾಯ್ಡ್‌ಗೆ ಮೊದಲೇ ಹುಳದ ಮಾತ್ರೆ ಐವರ್‌ಮೆಕ್ಟಿನ್ ಕೊಡುತ್ತಾರೆ.

ಎಕೋ (ಹೃದಯದ ಸ್ಕ್ಯಾನ್) ಮಾಡಿಸದೆ ಇರಬೇಡಿ, ಇಯೊಸಿನೋಫಿಲ್ ಕಣಗಳು ಹೃದಯವನ್ನೂ ಬಿಡುವುದಿಲ್ಲ. ಪಿಡಿಜಿಎಫ್‌ಆರ್‌ಎ ಜೀನ್ ಪರೀಕ್ಷೆ ಪಾಸಿಟಿವ್ ಬಂದರೆ ಇಮ್ಯಾಟಿನಿಬ್ ಅನ್ನುವ ಮಾತ್ರೆ ಚೆನ್ನಾಗಿ ಹಿಡಿಯುತ್ತದೆ. ಇಲ್ಲದಿದ್ದರೆ ಸಾಮಾನ್ಯವಾಗಿ ಸ್ಟೀರಾಯ್ಡೇ, ನಿಧಾನವಾಗಿ ಇಳಿಸುತ್ತಾ.

ರಕ್ತದ ಗರಣೆ ಬಿದ್ದು ಮೂತ್ರ ಕಟ್ಟಿಕೊಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಸೀದಾ ಎಮರ್ಜೆನ್ಸಿಗೆ ಹೋಗಿ.