ಫೈಲ್ ನನ್ನದು, ಹೆಸರು ಅವರದ್ದು

(ಬರೆಯಲು ಆಕೆಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಆಕೆ ನನ್ನ ಬಳಿ ಸಮಾಲೋಚನೆಗೆ ಬಂದಿದ್ದು ನಿದ್ದೆ ಬರ್ತಿಲ್ಲ ಅಂತ. ವಯಸ್ಸು 29. ಮಲಗಿದರೆ ಒಂದೇ ಮಾತು ತಲೆಯಲ್ಲಿ ತಿರುಗುತ್ತಿತ್ತಂತೆ: "ಇಲ್ಲಿ ನಿಮ್ಮ ಹೆಸರು ಕಾಣ್ತಿಲ್ವಲ್ಲ?"

ಬೆಂಗಳೂರಿನ ಒಂದು ಇಂಟರ್‌ವ್ಯೂನಲ್ಲಿ ಎದುರಿಗೆ ಕೂತವರು ಕೇಳಿದ ಮಾತು ಅದು. ಮೂರು ವರ್ಷದಿಂದ ಒಂದು ಓಪನ್ ಸೋರ್ಸ್ (ಯಾರು ಬೇಕಾದರೂ ನೋಡಿ ತಿದ್ದಬಹುದಾದ) ತಂತ್ರಾಂಶವನ್ನು ಕನ್ನಡಕ್ಕೆ ತರ್ತಿದ್ದೇನೆ ಅಂತ ಆಕೆ ಹೇಳಿದ್ದರು. ಅವರು ಅಲ್ಲೇ ರೆಪೊ, ಅಂದರೆ ಆ ತಂತ್ರಾಂಶದ ಫೈಲ್‌ಗಳೆಲ್ಲ ಇರುವ ಆನ್‌ಲೈನ್ ಕಣಜ, ತೆರೆದು ನೋಡಿದರು. ಕನ್ನಡದ ಫೈಲ್‌ಗೆ ಆದ ಎಲ್ಲಾ ಕಮಿಟ್‌ಗಳೂ (ದಾಖಲಾದ ಬದಲಾವಣೆಗಳು) ಒಬ್ಬರದೇ ಹೆಸರಲ್ಲಿದ್ದವು. ಆ ಹೆಸರು ತಂಡದ ಸಂಯೋಜಕರದ್ದು. "ನಾನು ಸುಳ್ಳು ಹೇಳ್ದೆ ಅಂದ್ಕೊಂಡ್ರೇನೋ ಮೇಡಂ" ಅನ್ನುವಾಗ ಆಕೆಯ ಗಂಟಲು ಕಟ್ಟಿತು.

ಕೆಲಸ ನಡೆಯುತ್ತಿದ್ದ ರೀತಿ ಹೀಗೆ. ಪಿಒ ಫೈಲ್ ಅಂತ ಇರುತ್ತೆ. ಒಂದು ಸಾಲು ಇಂಗ್ಲಿಷ್, ಅದರ ಕೆಳಗೆ ಕನ್ನಡ. ಆಕೆ ರಾತ್ರಿ ಊಟ ಮುಗಿಸಿ ಕೂತು ತುಂಬಿಸಿ, ಸಂಯೋಜಕರಿಗೆ ಮೇಲ್ ಮಾಡುತ್ತಿದ್ದರು. ಅವರು ನೋಡಿ ರೆಪೊಗೆ ಸೇರಿಸುತ್ತಿದ್ದರು. 'ಅನ್‌ಡೂ' ಅನ್ನೋ ಒಂದೇ ಪದಕ್ಕೆ ಆಕೆ ಎರಡು ರಾತ್ರಿ ಕೂತಿದ್ದಾರೆ. 'ರದ್ದುಮಾಡು' ಅಂತ ಹಾಕಿದರೆ 'ಕ್ಯಾನ್ಸಲ್' ಬಟನ್‌ಗೂ ಅದೇ ಪದ ಆಗುತ್ತೆ, ಬಳಸುವವರಿಗೆ ಗೊಂದಲ. ಕೊನೆಗೆ 'ಮೊದಲಿನಂತೆ ಮಾಡು' ಅಂತ ಬರೆದು ಅಮ್ಮನ ಕೈಗೆ ಲ್ಯಾಪ್‌ಟಾಪ್ ಕೊಟ್ಟರು. ಅಮ್ಮ ಯಾರನ್ನೂ ಕೇಳದೆ ಸರಿಯಾದ ಬಟನ್ ಒತ್ತಿದರು. ಇದನ್ನು ಹೇಳುವಾಗ ಮಾತ್ರ ಆ ದಿನ ಆಕೆಯ ಮುಖ ಅರಳಿದ್ದು.

ಮನೆಯವರಿಗೆ ಹೇಳಿಕೊಂಡಾಗ ಸಿಕ್ಕ ಉತ್ತರ: "ಕನ್ನಡದ ಸೇವೆ ಅಂದ್ಮೇಲೆ ಹೆಸರು ಯಾಕೆ ಬೇಕು?" ಇದರಿಂದ ನೋವಿನ ಮೇಲೆ ನಾಚಿಕೆಯೂ ಸೇರಿಕೊಂಡಿತ್ತು. ಹೆಸರು ಬೇಕು ಅನ್ನಿಸೋದೇ ಸಣ್ಣತನವೇನೋ ಅಂತ.

ನಾನು ಇದನ್ನು ಒಪ್ಪುವುದಿಲ್ಲ, ಆಕೆಗೂ ಅದನ್ನೇ ಹೇಳಿದೆ. ಬೇಲೂರಿನಲ್ಲಿ ಮದನಿಕೆಗಳನ್ನು ಕೆತ್ತಿದ ಬಳ್ಳಿಗಾವಿಯ ದಾಸೋಜ ಅಲ್ಲೇ ತನ್ನ ಹೆಸರನ್ನೂ ಕೆತ್ತಿದ್ದಾನೆ. ಅದು ದೇವರ ಕೆಲಸವೇ ಅಲ್ವಾ? ಹೆಸರು ಹಾಕಿದ್ದರಿಂದ ಅವನ ಭಕ್ತಿಗೇನೂ ಕುಂದು ಬರಲಿಲ್ಲ. ಇಂದು ನಾವು ಅವನನ್ನು ನೆನೆಯುವುದೇ ಆ ಅಕ್ಷರಗಳಿಂದ. ಸಂಬಳವಿಲ್ಲದ ಕೆಲಸದಲ್ಲಿ ಹೆಸರೊಂದೇ ಕೈಗೆ ಸಿಗುವ ಕೂಲಿ. ಅದೂ ಹೋದರೆ ನೋವಾಗದೆ ಇನ್ನೇನು?

ಎರಡನೇ ಭೇಟಿಯಲ್ಲಿ ನಿಮಗೆ ಏನು ಆಗಬೇಕು ಅಂತ ಕೇಳಿದೆ. "ಅವರು ತಪ್ಪು ಒಪ್ಕೋಬೇಕು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಹೆಸರು ಇರಬೇಕು" ಅಂದರು. ಇವೆರಡು ಬೇರೆ ಬೇರೆ. ಮೊದಲನೆಯದು ಸಂಯೋಜಕರ ಮನಸ್ಸಿಗೆ ಬಿಟ್ಟದ್ದು, ಎರಡನೆಯದನ್ನು ನಾವು ಕೇಳಿ ಪಡೆಯಬಹುದು. ಎರಡನೆಯದನ್ನೇ ಮೊದಲು ಹಿಡಿಯೋಣ ಅಂದೆ.

ಕೇಸ್ ಹಾಕಬಹುದಾ ಅಂತಲೂ ಕೇಳಿದರು. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಬರೆದವರಿಗೆ 'ಇದು ನನ್ನ ಕೃತಿ' ಅಂತ ಹೇಳಿಕೊಳ್ಳುವ ಹಕ್ಕು ಕೊಡುತ್ತೆ. ಆ ದಾರಿ ಬೇಕಾದರೆ ವಕೀಲರ ಹತ್ತಿರ ಹೋಗಿ, ಆದರೆ ಮೊದಲು ಒಂದು ಮೇಲ್ ಬರೆದು ನೋಡೋಣ ಅಂದೆ. ಮೂರು ವರ್ಷದಲ್ಲಿ ಆಕೆ ಒಂದು ಸಲವೂ ಬಾಯಿಬಿಟ್ಟು ಕೇಳಿರಲೇ ಇಲ್ಲ.

ಏನೇನು ಕೇಳಬಹುದು ಅಂತ ಆಕೆಯೇ ಒಂದು ಹಾಳೆಯ ಹಿಂದೆ ಬರೆದು ನನಗೆ ಅರ್ಥ ಮಾಡಿಸಿದರು. ಈ ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ ಗಿಟ್. ಅದರಲ್ಲಿ ಪ್ರತಿ ಕಮಿಟ್‌ಗೂ ಎರಡು ಹೆಸರಿಗೆ ಜಾಗ ಇದೆ: ಆಥರ್ ಮತ್ತು ಕಮಿಟರ್. ಪತ್ರ ಬರೆದವರು ಒಬ್ಬರು, ಅಂಚೆಗೆ ಹಾಕಿದವರು ಇನ್ನೊಬ್ಬರು ಇದ್ದಂತೆ. ಅಂಚೆಗೆ ಹಾಕುವವರು ಬೇರೆ ಹೆಸರು ಕೊಡದಿದ್ದರೆ ಎರಡೂ ಕಡೆ ಅವರದ್ದೇ ಬಂದು ಕೂರುತ್ತೆ. ಇದು ಕೇಳಿದ ಮೇಲೆ ನನಗೆ ಅನ್ನಿಸಿತು, ಸಂಯೋಜಕರು ಬೇಕಂತಲೇ ಮಾಡಿರಲಿಕ್ಕಿಲ್ಲ. ಆದರೆ ಆಕೆಯ ಹೆಸರು ಸೇರಿಸಲು ಬೇಕಾದದ್ದು ಒಂದೇ ಒಂದು ಆಯ್ಕೆ, ಒಂದು ನಿಮಿಷದ ಕೆಲಸ. ಬೇಕಂತ ಮಾಡದಿದ್ದರೂ ಅದು ತಪ್ಪೇ.

ಹಳೆಯ ಕಮಿಟ್‌ಗಳನ್ನು ತಿದ್ದೋದು ಕಷ್ಟ. ಒಂದರ ಹೆಸರು ಬದಲಿಸಿದರೆ ಅದರ ಗುರುತಿನ ಸಂಖ್ಯೆ ಬದಲಾಗುತ್ತೆ, ಮುಂದಿನ ಎಲ್ಲವುಗಳದ್ದೂ ಬದಲಾಗುತ್ತೆ. ಯಾವ ತಂಡವೂ ಅದಕ್ಕೆ ಸುಲಭವಾಗಿ ಒಪ್ಪಲ್ಲ. ಇದನ್ನು ಒಪ್ಪಿಕೊಳ್ಳೋಕೆ ಆಕೆಗೆ ಒಂದು ಇಡೀ ಭೇಟಿ ಬೇಕಾಯಿತು. ಅತ್ತರು, ನಾನು ತಡೆಯಲಿಲ್ಲ.

ಉಳಿದ ಜಾಗಗಳು ತೆರೆದಿದ್ದವು. ಪಿಒ ಫೈಲ್‌ನ ತಲೆಯಲ್ಲಿ 'ಲಾಸ್ಟ್-ಟ್ರಾನ್ಸ್‌ಲೇಟರ್' ಸಾಲಿನಲ್ಲಿ ಕೊನೆಯದಾಗಿ ಅನುವಾದಿಸಿದವರ ಹೆಸರಷ್ಟೇ ಇರುತ್ತೆ. ಆದರೆ ಅದರ ಮೇಲಿನ ಟಿಪ್ಪಣಿ ಸಾಲುಗಳಲ್ಲಿ ಎಲ್ಲರ ಹೆಸರು, ವರ್ಷ ಬರೆಯೋದು ರೂಢಿ. 'ಟ್ರಾನ್ಸ್‌ಲೇಟರ್-ಕ್ರೆಡಿಟ್ಸ್' ಅನ್ನೋ ಸಾಲೂ ಆ ಫೈಲ್‌ನಲ್ಲಿತ್ತು. ಅಲ್ಲಿ ಬರೆದ ಹೆಸರು ತಂತ್ರಾಂಶದ 'ಕುರಿತು' (ಅಬೌಟ್) ಕಿಟಕಿಯಲ್ಲಿ ಎಲ್ಲರಿಗೂ ಕಾಣುತ್ತೆ.

ಮೇಲ್ ಅನ್ನು ನನ್ನ ಎದುರಿಗೇ ಬರೆಯಲು ಹೇಳಿದೆ. ಮೊದಲ ಕರಡಿನಲ್ಲಿ "ತಪ್ಪು ತಿಳ್ಕೋಬೇಡಿ" ಮೂರು ಕಡೆ ಇತ್ತು. ಕೊನೆಯಲ್ಲಿ "ಆಗದಿದ್ದರೆ ಪರವಾಗಿಲ್ಲ ಸರ್" ಅಂತಿತ್ತು. "ಪರವಾಗಿಲ್ವಾ?" ಅಂತ ಕೇಳಿದೆ. ತಲೆ ಅಲ್ಲಾಡಿಸಿ ಆ ಸಾಲನ್ನು ತಾವೇ ಅಳಿಸಿದರು. ಕೊನೆಗೆ ಉಳಿದದ್ದು ಇಷ್ಟು:

"ಸರ್, ನಮಸ್ಕಾರ. 2021ರಿಂದ ನಾನು ಕಳಿಸಿದ ಫೈಲ್‌ಗಳ ಪಟ್ಟಿ, ತಾರೀಖಿನ ಸಮೇತ ಕೆಳಗಿದೆ. ಇವೆಲ್ಲ ನಿಮ್ಮ ಹೆಸರಲ್ಲಿ ಸೇರಿವೆ. ಇದರಿಂದ ನನಗೆ ಬೇಸರವಾಗಿದೆ, ಒಂದು ಇಂಟರ್‌ವ್ಯೂನಲ್ಲಿ ತೊಂದರೆಯೂ ಆಯಿತು. ಫೈಲ್‌ನ ತಲೆಯಲ್ಲಿ ಮತ್ತು ಕ್ರೆಡಿಟ್ಸ್ ಸಾಲಿನಲ್ಲಿ ನನ್ನ ಹೆಸರು ಸೇರಿಸಬೇಕು. ಇನ್ನು ಮುಂದೆ ನನ್ನ ಫೈಲ್‌ಗಳಿಗೆ ಆಥರ್ ಹೆಸರು ನನ್ನದೇ ಇರಬೇಕು. ನೀವು ತಿದ್ದಿದ್ದು ಜಾಸ್ತಿ ಇದ್ದಾಗ ಇಬ್ಬರ ಹೆಸರೂ ಇರಲಿ."

ಇಬ್ಬರ ಹೆಸರು ಹಾಕೋದು ಹೊಸದೇನಲ್ಲ. ಇಂಥ ರೆಪೊಗಳನ್ನು ಇಡುವ ಜಾಲತಾಣ ಗಿಟ್‌ಹಬ್ 2018ರಿಂದಲೇ 'ಕೋ-ಆಥರ್ಡ್-ಬೈ' (ಜೊತೆಗೆ ಬರೆದವರು) ಸಾಲಿನಲ್ಲಿರುವವರನ್ನೂ ಕಮಿಟ್ ಜೊತೆ ತೋರಿಸುತ್ತೆ. ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಬರೆಯುವವರಂತೂ ದೋಷ ಹೇಳಿದವರಿಗೆ 'ರಿಪೋರ್ಟೆಡ್-ಬೈ', ಪರೀಕ್ಷೆ ಮಾಡಿದವರಿಗೆ 'ಟೆಸ್ಟೆಡ್-ಬೈ' ಅಂತ ಬೇರೆ ಬೇರೆ ಸಾಲನ್ನೇ ಇಟ್ಟಿದ್ದಾರೆ. ಆಕೆ ಕೇಳಿದ್ದು ಜಾಸ್ತಿ ಆಯ್ತು ಅಂತ ಯಾರೂ ಹೇಳುವ ಹಾಗಿರಲಿಲ್ಲ.

ಹನ್ನೊಂದು ದಿನ ಉತ್ತರ ಬರಲಿಲ್ಲ. ಆ ದಿನಗಳಿಗೆ ನಾನು ಕೊಟ್ಟ ಸಲಹೆ ಎರಡೇ: ದಿನಕ್ಕೊಂದು ಸಲಕ್ಕಿಂತ ಹೆಚ್ಚು ಮೇಲ್ ನೋಡಬೇಡಿ, ರಾತ್ರಿ ಅಂತೂ ಬೇಡವೇ ಬೇಡ. ಮತ್ತೆ, ಕಳಿಸಿದ ಮೇಲ್‌ಗಳನ್ನೆಲ್ಲ ಒಂದು ಕಡೆ ಜೋಡಿಸಿಡಿ. ಮುಂದಿನ ಇಂಟರ್‌ವ್ಯೂಗೆ ಅವೇ ಸಾಕ್ಷಿ.

ಸಂಯೋಜಕರ ಉತ್ತರ ಉದ್ದವಾಗಿತ್ತು. "ಹತ್ತು ವರ್ಷದಿಂದ ಸುಮ್ನೆ ದುಡಿತಾ ಇದ್ದೀನಮ್ಮ, ನನ್ನನ್ನೂ ಯಾರೂ ಕೇಳಿಲ್ಲ" ಅಂತ ಶುರುವಾಗಿತ್ತು. ಅದನ್ನು ಓದಿ ಆಕೆಗೆ ಸಿಟ್ಟು ಬಂತು, ನನಗೆ ಆ ಮನುಷ್ಯನ ದಣಿವು ಕಂಡಿತು. ತಪ್ಪಾಯ್ತು ಅಂತ ಎಲ್ಲೂ ಬರೆದಿರಲಿಲ್ಲ. ಆದರೆ ಕೇಳಿದ್ದಕ್ಕೆಲ್ಲ ಒಪ್ಪಿದ್ದರು. ಮುಂದಿನ ಆವೃತ್ತಿಯ 'ಕುರಿತು' ಕಿಟಕಿಯಲ್ಲಿ ಆಕೆಯ ಹೆಸರು ಬಂತು. ನಿದ್ದೆ ಪೂರ್ತಿ ಸರಿಹೋಗಿಲ್ಲ, ಮೊದಲಿಗಿಂತ ವಾಸಿ.

ಇದೇ ರೀತಿ ಫೈಲ್ ಕಳಿಸಿದವರು ಇನ್ನೂ ಮೂವರಿದ್ದರು ಅಂತ ಆಕೆಗೆ ಆಮೇಲೆ ಗೊತ್ತಾಯಿತು. ಅವರ ಹೆಸರನ್ನೂ ಸೇರಿಸಿ ಅಂತ ಈ ಸಲ ನನ್ನನ್ನು ಕೇಳದೆಯೇ ಸಂಯೋಜಕರಿಗೆ ಬರೆದರು. ಪಟ್ಟಿ ಕೊಡಿ, ಸೇರಿಸ್ತೀನಿ ಅಂದಿದ್ದಾರೆ. ಇಬ್ಬರು ಸಿಕ್ಕಿದ್ದಾರೆ. ಮೂರನೆಯವರ ಹಳೆಯ ಮೇಲ್ ವಿಳಾಸ ಈಗ ನಡೆಯುತ್ತಿಲ್ಲ, ಆಕೆ ಹುಡುಕುತ್ತಿದ್ದಾರೆ.