ಹಿಮಾಲಯನ್ 411ಗೆ ಮುಂದಿನ ಸ್ಪ್ರಾಕೆಟ್ ದೊಡ್ಡದು ಹಾಕಬಹುದಾ?

ನೀವು ಕೇಳಿರುವುದು ಇದು: ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕಿನಲ್ಲಿ ಬೆಂಗಳೂರು–ಹುಬ್ಬಳ್ಳಿ ಓಡಾಟ. ಐದನೇ ಗೇರ್‌ನಲ್ಲಿ 100ರ ವೇಗಕ್ಕೆ ಇಂಜಿನ್ ತುಂಬಾ ಕೂಗುತ್ತದೆ. ಮುಂದಿನ ಸ್ಪ್ರಾಕೆಟ್ (ಇಂಜಿನ್ ಕಡೆ ಚೈನ್ ಎಳೆಯುವ ಹಲ್ಲುಚಕ್ರ) 16 ಅಥವಾ 17 ಹಲ್ಲಿನದು ಹಾಕಿದರೆ ಹೇಗೆ?

ಒಬ್ಬರೇ ಹೋಗುವುದು, ಅದೂ ಹೈವೇಯಲ್ಲೇ ಜಾಸ್ತಿ ಅನ್ನುವುದಾದರೆ 16 ಹಾಕಿಸಿ. 17 ಬೇಡ. ನನ್ನ ಗಾಡಿಯಲ್ಲೂ 16 ಇದೆ, ನನಗೆ ಹಿಡಿಸಿದೆ. ಆದರೆ ಸುಮ್ನೆ ಯಾರೋ ಹೇಳಿದರು ಅಂತ ಹಾಕಿಸಬೇಡಿ. ಲೆಕ್ಕ ಸುಲಭ, ಒಮ್ಮೆ ನೋಡಿ.

ಕಂಪನಿಯಿಂದ ಬರುವಾಗ ಮುಂದೆ 15, ಹಿಂದೆ 38 ಹಲ್ಲು. ಹಿಂದಿನ ಚಕ್ರ ಒಂದು ಸುತ್ತು ತಿರುಗಬೇಕಾದರೆ ಮುಂದಿನ ಸ್ಪ್ರಾಕೆಟ್ ಸುಮಾರು 2.53 ಸುತ್ತು ತಿರುಗಬೇಕು. 16 ಹಾಕಿದರೆ 2.38 ಸುತ್ತು ಸಾಕು. ಅಷ್ಟೇ ವೇಗದಲ್ಲಿ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಶೇ 6ರಷ್ಟು ಇಳಿಯುತ್ತದೆ. ಮೀಟರ್ 5000 ತೋರಿಸುತ್ತಿದ್ದ ಕಡೆ ಸುಮಾರು 4700 ತೋರಿಸುತ್ತದೆ. 17 ಆದರೆ 4400. ಈ ಇಂಜಿನ್‌ನ ಗರಿಷ್ಠ ಟಾರ್ಕ್ (ತಿರುಗಿಸುವ ಬಲ), 32 ನ್ಯೂಟನ್ ಮೀಟರ್, ಸಿಗುವುದು 4000ದಿಂದ 4500ರ ಆಸುಪಾಸಿನಲ್ಲಿ. ಹಾಗಾಗಿ ಒಂದು ಹಲ್ಲು ಜಾಸ್ತಿ ಮಾಡಿದರೆ ಇಂಜಿನ್ ತನಗೆ ಹಿತವಾದ ಜಾಗದ ಹತ್ತಿರವೇ ಓಡುತ್ತದೆ.

ಇಲ್ಲಿ ಇನ್ನೊಂದು ವಿಷಯ ಇದೆ. ಸ್ಪ್ರಾಕೆಟ್ ಮುಟ್ಟದೆಯೇ 100ರ ಬದಲು 94ರಲ್ಲಿ ಹೋದರೂ ಆರ್‌ಪಿಎಂ ಅಷ್ಟೇ ಇಳಿಯುತ್ತದೆ. ಗಾಳಿಯನ್ನು ಸೀಳಲು ಬೇಕಾದ ಶಕ್ತಿಯಂತೂ ಇನ್ನೂ ಜಾಸ್ತಿ ಇಳಿಯುತ್ತದೆ, ಯಾಕಂದರೆ ಅದು ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. 100ರಿಂದ 90ಕ್ಕೆ ಬಂದರೆ ಗಾಳಿಗಾಗಿ ಖರ್ಚಾಗುವ ಶಕ್ತಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಉಳಿಯುತ್ತದೆ. ಮೊದಲು ಒಂದು ಸಲ ತುಮಕೂರು ದಾಟಿದ ಮೇಲೆ ಹಾಗೆ ಓಡಿಸಿ ನೋಡಿ. ಅದೇ ಸಾಕು ಅನ್ನಿಸಿದರೆ ದುಡ್ಡು ಉಳಿಯಿತು.

ಸಾಕಾಗಲ್ಲ ಅಂದರೆ ಒಂದು ಪರೀಕ್ಷೆ ಮಾಡಿ. ರಸ್ತೆ ಖಾಲಿ ಇರುವ ಕಡೆ, ಸಣ್ಣ ಏರಿನಲ್ಲಿ, ಐದನೇ ಗೇರ್‌ನಲ್ಲಿ ನಿಮ್ಮ ಮಾಮೂಲಿ ವೇಗ ಹಿಡಿದು ಆಕ್ಸಿಲರೇಟರ್ ಇನ್ನೂ ತಿರುಗಿಸಿ. ಗಾಡಿ ವೇಗ ಏರಿಸಿಕೊಂಡರೆ ಎಳೆತ ಮಿಕ್ಕಿದೆ ಅಂತ ಅರ್ಥ. ಆ ಮಿಕ್ಕ ಎಳೆತವನ್ನೇ ನೀವು ಒಂದು ಹಲ್ಲಿಗೆ ಕೊಟ್ಟು ಆರ್‌ಪಿಎಂ ಇಳಿಸಿಕೊಳ್ಳುತ್ತೀರಿ. ಅಲ್ಲೇ ನಾಲ್ಕನೇ ಗೇರ್ ಹಾಕಬೇಕಾಗಿ ಬಂದರೆ ಕೊಡಲು ನಿಮ್ಮ ಬಳಿ ಏನೂ ಇಲ್ಲ. ಸ್ಪ್ರಾಕೆಟ್ ಬದಲಿಸಿದ ಮೇಲೂ ನಾಲ್ಕರಲ್ಲೇ ಓಡಿಸುತ್ತೀರಿ, ಆರ್‌ಪಿಎಂ ಈಗ ಐದರಲ್ಲಿ ಇರುವುದಕ್ಕಿಂತ ಮೇಲೆಯೇ ಇರುತ್ತದೆ. ಚಿತ್ರದುರ್ಗದ ಕಡೆ ಎದುರು ಗಾಳಿ ಬೀಸುವ ದಿನ ಇದು ಚೆನ್ನಾಗಿ ಗೊತ್ತಾಗುತ್ತದೆ. 24 ಬಿಎಚ್‌ಪಿ ಚಿಲ್ಲರೆಯ ಇಂಜಿನ್ ಇದು, ಗಾಡಿಯೂ ಭಾರ.

17 ಬೇಡ ಅಂದದ್ದು ಇದಕ್ಕೇ. ಎಲ್ಲ ಗೇರ್‌ನಲ್ಲೂ ಹಿಂದಿನ ಚಕ್ರಕ್ಕೆ ಸಿಗುವ ಎಳೆತ ಶೇ 12ರಷ್ಟು ಕಡಿಮೆಯಾಗುತ್ತದೆ. ಐದನೇ ಗೇರ್ ಹೆಸರಿಗಷ್ಟೇ ಇರುತ್ತದೆ. ಮೊದಲ ಗೇರ್ ಇನ್ನೂ ಕಷ್ಟ: ಟ್ರಾಫಿಕ್‌ನಲ್ಲಿ, ಕಲ್ಲು ದಾರಿಯಲ್ಲಿ, ಘಾಟಿಯ ತಿರುವಿನಲ್ಲಿ ಅರ್ಧ ಕ್ಲಚ್ ಹಿಡಿದೇ ಇರಬೇಕು. 16ರಲ್ಲೂ ಸ್ವಲ್ಪ ಗೊತ್ತಾಗುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಲಗೇಜ್ ಕಟ್ಟಿಕೊಂಡು ಆಗಾಗ ಚಾರ್ಮಾಡಿ, ಆಗುಂಬೆ ಹತ್ತುವವರಾದರೆ 15ನ್ನೇ ಬಿಡಿ. ಮೈಲೇಜ್ ಆಸೆಗಂತೂ ಮಾಡಬೇಡಿ, ಸಿಕ್ಕರೂ ಅತಿ ಸ್ವಲ್ಪ.

ಕೆಲಸ ಮಾಡಿಸುವಾಗ ಚೈನ್ ಕಡೆ ಗಮನ ಕೊಡಿ. ಮುಂದೆ ಒಂದು ಹಲ್ಲು ಹೆಚ್ಚಾದರೆ ಹಿಂದಿನ ಆಕ್ಸಲ್ ಸುಮಾರು 4 ಮಿ.ಮೀ. ಮುಂದಕ್ಕೆ ಬರಬೇಕು. ಅಡ್ಜಸ್ಟರ್‌ನಲ್ಲಿ ಅಷ್ಟು ಜಾಗ ಇದೆಯಾ ನೋಡಿ. ಕವರ್ ಹಾಕಿದ ಮೇಲೆ ಚೈನ್ ಎಲ್ಲೂ ತಾಗಬಾರದು. ಹಿಂದಿನ ಚಕ್ರ ಕೈಯಲ್ಲಿ ಪೂರ್ತಿ ಒಂದೆರಡು ಸುತ್ತು ತಿರುಗಿಸಿ ಕೇಳಿಸಿಕೊಳ್ಳಿ. ಸವೆದ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕಿದರೆ ಹೊಸದೂ ಬೇಗ ಹಾಳಾಗುತ್ತದೆ. ಹಾಗಾಗಿ ಚೈನ್ ಸೆಟ್ ಬದಲಿಸುವ ಸಮಯ ಹತ್ತಿರ ಇದ್ದರೆ ಅಲ್ಲಿಯವರೆಗೆ ಕಾಯಿರಿ. ಒಂದು ಲಾಭವೂ ಇದೆ: ದೊಡ್ಡ ಸ್ಪ್ರಾಕೆಟ್ ಸುತ್ತ ಚೈನ್ ಬಗ್ಗುವುದು ಕಡಿಮೆ, ಸವೆತವೂ ಕಡಿಮೆ.

ಬೇರೆ ಗಾಡಿ ಇರುವವರು ಇದನ್ನು ಓದುತ್ತಿದ್ದರೆ, ಸ್ಪೀಡೋಮೀಟರ್ ಎಲ್ಲಿಂದ ವೇಗ ಓದುತ್ತದೆ ಅಂತ ಮೊದಲು ಕೇಳಿ. ಚಕ್ರದಿಂದಾದರೆ ತೊಂದರೆ ಇಲ್ಲ. ಗೇರ್‌ಬಾಕ್ಸ್‌ನಿಂದಾದರೆ, ಮುಂದಿನ ಹಲ್ಲು ಹೆಚ್ಚಿಸಿದ ಮೇಲೆ ಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸುತ್ತದೆ.

ಬಿಚ್ಚಿದ 15 ಹಲ್ಲಿನದನ್ನು ಮೆಕ್ಯಾನಿಕ್ ಹತ್ತಿರ ಬಿಟ್ಟು ಬರಬೇಡಿ. ಲಡಾಖ್‌ಗೆ ಹೋಗುವ ಮನಸ್ಸಿದ್ದರೆ ಹೊರಡುವ ಮೊದಲು ಅದನ್ನೇ ವಾಪಸ್ ಹಾಕಿಸಿ. ಅಲ್ಲಿ ಗಾಳಿ ತೆಳು, ಇಂಜಿನ್ನಿನ ಶಕ್ತಿ ತಾನಾಗಿಯೇ ಇಳಿದಿರುತ್ತದೆ.